ಹಿರಿಯರ ಕೈಗಡಿಯಾರ: ಡಯಲು ಒಂದು ಹೇಳಿ ಯಂತ್ರ ಇನ್ನೊಂದು ಹೇಳಿದಾಗ

ಪೆಟ್ಟಿಗೆಯ ತಳದಲ್ಲಿದ್ದ ಹಳೆಯ ವಾಚು ಕೈಗೆ ಸಿಕ್ಕ ಕೂಡಲೇ ಎಲ್ಲರೂ ಮೊದಲು ಮಾಡುವುದು ಕೀ ಕೊಟ್ಟು ಕಿವಿಗೆ ಹಿಡಿಯುವುದು. ಅದೊಂದನ್ನು ಸ್ವಲ್ಪ ತಡೆಯಿರಿ. ಇಪ್ಪತ್ತು ಮೂವತ್ತು ವರ್ಷ ಮಲಗಿದ್ದ ಯಂತ್ರದೊಳಗೆ ಎಣ್ಣೆ ಒಣಗಿ ಅಂಟಾಗಿರುತ್ತದೆ, ಕೆಲವೆಡೆ ಮೇಣದ ಹಾಗೆ ಗಟ್ಟಿಯಾಗಿರುತ್ತದೆ. ಅದರಲ್ಲಿ ಕೂತ ದೂಳು ಅರದ ಕೆಲಸ ಮಾಡುತ್ತದೆ. ಅತ್ತಿತ್ತ ತೂಗುತ್ತ ವಾಚಿನ ಲಯ ಹಿಡಿಯುವ ಬ್ಯಾಲೆನ್ಸ್ ಚಕ್ರದ ಅಚ್ಚಿನ (ಅದು ತಿರುಗುವ ಕಡ್ಡಿಯ) ತುದಿ ಒಂದು ಮಿಲಿಮೀಟರಿನ ಹತ್ತರಲ್ಲಿ ಒಂದು ಭಾಗದಷ್ಟೇ ದಪ್ಪ. ಇಂಥ ಸ್ಥಿತಿಯಲ್ಲಿ ವಾಚು ಓಡಿದರೆ ಓಡಿದಷ್ಟೂ ಸವೆತವೇ.

ಕೈಯಲ್ಲಿ ಎರಡು ಪ್ರಶ್ನೆಗಳಿರುತ್ತವೆ: ಇದು ಯಾವ ವಾಚು, ಯಾವ ಕಾಲದ್ದು ಎಂಬುದೊಂದು, ಯಾಕೆ ಓಡುತ್ತಿಲ್ಲ ಎಂಬುದು ಇನ್ನೊಂದು. ಹೆಚ್ಚಿನವರು ಎರಡನೆಯದರಿಂದ ಶುರುಮಾಡುತ್ತಾರೆ. ನಾನು ಮೊದಲನೆಯದರಿಂದಲೇ ಶುರುಮಾಡಿ ಎನ್ನುತ್ತೇನೆ. ಬಿಡಿಭಾಗ ಹುಡುಕುವುದು ಡಯಲಿನ ಮೇಲಿನ ಹೆಸರಿನಿಂದಲ್ಲ, ಯಂತ್ರದ ಮಾದರಿ ಹೇಳುವ ಕ್ಯಾಲಿಬರ್ ಸಂಖ್ಯೆಯಿಂದ. ಯಾವ ಭಾಗ ಮುರಿದಿರಬಹುದು ಎಂಬುದನ್ನೂ ಯಂತ್ರದ ವಯಸ್ಸೇ ಮುಕ್ಕಾಲು ಪಾಲು ಹೇಳಿಬಿಡುತ್ತದೆ.

ಲಕ್ಷಣ: ಸುಳಿವುಗಳು ತಾಳೆಯಾಗುವುದಿಲ್ಲ

ನನ್ನ ಕೈಗೆ ಬಂದ ಅಜ್ಜನ ವಾಚಿನಲ್ಲಿ ಆದದ್ದು ಇದು. ಅಜ್ಜಿಯ ಪ್ರಕಾರ ಅದು 1948ರದ್ದು. ಡಯಲಿನ ಕೆಳ ಅಂಚಿನಲ್ಲಿ, 6ರ ಎರಡೂ ಬದಿಗೆ ಹರಡಿದಂತೆ, ಭೂತಗನ್ನಡಿ ಇಲ್ಲದೆ ಕಾಣದಷ್ಟು ಸಣ್ಣ ಅಕ್ಷರದಲ್ಲಿ ‘ಟಿ ಸ್ವಿಸ್ ಟಿ’ ಎಂದಿತ್ತು. ‘ಟಿ’ ಎಂದರೆ ಟ್ರಿಟಿಯಂ, ಕತ್ತಲಲ್ಲಿ ಹೊಳೆಯುವ ಬಣ್ಣದಲ್ಲಿರುವ ವಸ್ತು. ಈ ಗುರುತು ಡಯಲುಗಳ ಮೇಲೆ ಕಾಣಿಸಿಕೊಂಡದ್ದು 1960ರ ದಶಕದಲ್ಲಿ. ಅಜ್ಜಿಗೆ ನೆನಪು ತಪ್ಪಿದೆ ಎಂದುಕೊಂಡೆವು. ತಪ್ಪಿದ್ದು ನಾವು. ಅದು ಹೇಗೆ ಎಂಬುದಕ್ಕೆ ಮುಂದೆ ಬರುತ್ತೇನೆ.

ವಾಚು ಒಂದೇ ದಿನ ಹುಟ್ಟಿದ ವಸ್ತು ಎಂದುಕೊಳ್ಳುವುದರಿಂದಲೇ ಈ ಗೊಂದಲ. ಪಟ್ಟಿ, ಗಾಜು, ಕ್ರೌನ್ (ಕೀ ಕೊಡುವ ಗುಂಡಿ) ರಿಪೇರಿಗೆ ಹೋದಾಗಲೆಲ್ಲ ಬದಲಾಗುತ್ತವೆ. ಮುಳ್ಳುಗಳೂ ಹಾಗೆಯೇ. ಡಯಲು ಮಂಕಾದರೆ ಹೊಸದನ್ನು ಹಾಕುತ್ತಾರೆ, ಇಲ್ಲವೇ ಹಳೆಯದಕ್ಕೇ ಬಣ್ಣ ಬಳಿದು ಮತ್ತೆ ಅಚ್ಚೊತ್ತುತ್ತಾರೆ. ಕೇಸ್ ಬದಲಾಗುವುದು ಅಪರೂಪ, ಆದರೂ ಉಂಟು. ಎಲ್ಲ ಚಕ್ರಗಳನ್ನೂ ಹೊತ್ತಿರುವ ತಳದ ತಗಡು ಮಾತ್ರ ಬದಲಾಗುವುದಿಲ್ಲ. ಅದನ್ನು ಬದಲಿಸಿದರೆ ಇಡೀ ಯಂತ್ರವನ್ನೇ ಬದಲಿಸಿದಂತೆ. ಆದ್ದರಿಂದ ವಯಸ್ಸಿನ ವಿಚಾರಣೆ ಆ ತಗಡಿನಿಂದ ಹೊರಟು ಹೊರಕ್ಕೆ ಬರಬೇಕು. ಡಯಲಿನಿಂದ ಒಳಕ್ಕೆ ಹೋದರೆ ದಾರಿ ತಪ್ಪುವುದು ಖಂಡಿತ.

ಹಿಂಬದಿ ತೆರೆಯುವ ಮುನ್ನ

ಮುಚ್ಚಳದ ಅಂಚನ್ನು ಸುತ್ತಲೂ ನೋಡಿ. ಒಂದು ಕಡೆ ಉಗುರು ಸಿಗುವಷ್ಟು ಸಣ್ಣ ತುಟಿ ಅಥವಾ ಕಚ್ಚು ಇದ್ದರೆ ಅದು ಒತ್ತಿ ಕೂರಿಸಿದ ಮುಚ್ಚಳ, ಮೊಂಡು ಅಲಗಿನ ಕೇಸ್ ಚಾಕುವಿಗೆ ಏಳುತ್ತದೆ. ಸುತ್ತ ಸಮದೂರದಲ್ಲಿ ಕಚ್ಚುಗಳಿದ್ದರೆ ತಿರುಪಿನ ಮುಚ್ಚಳ. ಒತ್ತಿ ಹಿಡಿದು ತಿರುಗಿಸುವ ರಬ್ಬರ್ ಚೆಂಡಿಗೆ ಬಹಳಷ್ಟು ಸಲ ಸಡಿಲವಾಗುತ್ತದೆ, ಗೀರು ಬೀಳುವ ಭಯವೂ ಇಲ್ಲ. ಎರಡೂ ಕಾಣದೆ ಹಿಂಬದಿ ನುಣ್ಣಗೆ ಒಂದೇ ತುಂಡಾಗಿದ್ದರೆ ಯಂತ್ರ ಗಾಜಿನ ಕಡೆಯಿಂದ ಹೊರಬರುವ ಕೇಸ್ ಅದು. ಅದರ ಕೀ ಕಡ್ಡಿ ಎರಡು ತುಂಡಿನದಾಗಿರುತ್ತದೆ, ಮನೆಯಲ್ಲಿ ಕೈಹಾಕಬೇಡಿ. ಅಡುಗೆಮನೆಯ ಚಾಕು ಯಾವುದಕ್ಕೂ ಬೇಡ. ಹಳೆಯ ಮುಚ್ಚಳಗಳ ಅಂಚಿನಲ್ಲಿ ನಾನು ಕಂಡ ಆಳವಾದ ಗೀರುಗಳೆಲ್ಲ ಅದರವೇ.

ಇನ್ನೊಂದು ಎಚ್ಚರಿಕೆ, ಇದು ಹೆಚ್ಚು ಮುಖ್ಯ. ಅಂಕಿಗಳ ಮೇಲೆ, ಮುಳ್ಳುಗಳ ಮೇಲೆ ಕಂದುಬಣ್ಣಕ್ಕೆ ತಿರುಗಿದ ಹೊಳಪಿನ ಬಣ್ಣವಿದ್ದು ವಾಚು 1960ಕ್ಕಿಂತ ಹಿಂದಿನದೆಂಬ ಅನುಮಾನವಿದ್ದರೆ ಅದು ವಿಕಿರಣ ಸೂಸುವ ರೇಡಿಯಂ ಎಂದೇ ಭಾವಿಸಿ. ಹೊಳಪು ಸತ್ತಿದೆ ಎಂದರೆ ರೇಡಿಯಂ ಸತ್ತಿದೆ ಎಂದಲ್ಲ. ಬೆಳಕು ಕೊಡುತ್ತಿದ್ದ ಜಿಂಕ್ ಸಲ್ಫೈಡ್ ಕೆಟ್ಟಿದೆ, ಅಷ್ಟೇ. ರೇಡಿಯಂನ ಅರ್ಧಾಯುಷ್ಯ ಸುಮಾರು 1600 ವರ್ಷ. ಗಾಜು ತೆಗೆಯಬೇಡಿ, ಕೆರೆಯಬೇಡಿ, ಊದಬೇಡಿ. ಅದರ ಪುಡಿ ಉಸಿರಿನ ಜೊತೆ ಒಳಹೋಗಬಾರದು. ಟ್ರಿಟಿಯಂನ ಅರ್ಧಾಯುಷ್ಯ 12 ವರ್ಷಕ್ಕಿಂತ ಸ್ವಲ್ಪ ಹೆಚ್ಚು, ಅದರ ಕಿರಣ ಗಾಜನ್ನು ದಾಟುವುದಿಲ್ಲ. ವಿಕಿರಣ ಪತ್ತೆಮಾಡುವ ಗೈಗರ್ ಮಾಪಕವನ್ನು ಗಾಜಿನ ಮೇಲೆ ಹಿಡಿದಾಗ ಅದು ಪಟಪಟ ಎಂದರೆ ಒಳಗಿರುವುದು ರೇಡಿಯಂ.

ತಳದ ತಗಡು ಏನು ಹೇಳುತ್ತದೆ

ಮುಚ್ಚಳ ತೆರೆದ ಮೇಲೆ ಹತ್ತು ಪಟ್ಟು ದೊಡ್ಡದು ಮಾಡುವ ಲೂಪ್ ಹಿಡಿದು ಬ್ಯಾಲೆನ್ಸ್ ಚಕ್ರದ ಕೆಳಗೆ ನೋಡಿ. ಚಕ್ರದ ಕಡ್ಡಿಗಳ ನಡುವಿನ ಸಂದಿನಲ್ಲಿ, ತಗಡಿನ ಮೇಲೆ, ಒಂದು ಸಣ್ಣ ಚಿಹ್ನೆಯೂ ಸಂಖ್ಯೆಯೂ ಕಾಣುತ್ತವೆ. ಕಾಣದಿದ್ದರೆ ಬೆಳಕನ್ನು ಪಕ್ಕದಿಂದ ಬಿಡಿ, ವಾಚನ್ನು ನಿಧಾನವಾಗಿ ಓರೆ ಮಾಡಿ. ಅಚ್ಚೊತ್ತಿದ ಗುರುತು ಒಂದು ಕೋನದಲ್ಲಿ ಥಟ್ಟನೆ ಎದ್ದು ಬರುತ್ತದೆ. ಚಿಮಟ, ಸೂಜಿ ಏನನ್ನೂ ಅಲ್ಲಿಗೆ ಒಯ್ಯಬೇಡಿ. ಬ್ಯಾಲೆನ್ಸ್ ಚಕ್ರವನ್ನು ತೂಗಿಸುವ ಕೂದಲೆಳೆಯಂಥ ಸುರುಳಿಯಾದ ಹೇರ್‌ಸ್ಪ್ರಿಂಗ್‌ಗೆ ತಗುಲಿದರೆ ಇರುವ ದೋಷದ ಜೊತೆ ಹೊಸದೊಂದು ಸೇರುತ್ತದೆ.

ಡಯಲಿನ ಮೇಲೆ ಯಾರೂ ಕೇಳದ ಹೆಸರಿದ್ದು ಒಳಗೆ ‘ಎ.ಎಸ್.’ ಅಥವಾ ‘ಎಫ್.ಎಚ್.ಎಫ್.’ ಎಂಬ ಗುರುತು ಸಿಕ್ಕರೆ ಗಾಬರಿ ಬೇಡ, ವಾಚು ನಕಲಿಯಲ್ಲ. ಸ್ವಿಟ್ಜರ್ಲೆಂಡಿನಲ್ಲಿ ಬರೀ ಯಂತ್ರಗಳನ್ನು ಮಾಡಿ ನೂರಾರು ವಾಚು ಕಂಪನಿಗಳಿಗೆ ಮಾರುತ್ತಿದ್ದ ಕಾರ್ಖಾನೆಗಳಿದ್ದವು. ‘ಎ.ಎಸ್.’ ಎಂದರೆ ಗ್ರೆನ್ಶೆನ್ ಊರಿನ ಎ. ಶೀಲ್ಡ್, ‘ಎಫ್.ಎಚ್.ಎಫ್.’ ಎಂದರೆ ಫಾಂಟೆನ್ಮೆಲಾನ್ ಊರಿನ ವಾಚು ಕಾರ್ಖಾನೆ. ಈ ಎರಡು ಕಾರ್ಖಾನೆಗಳು ಎ. ಮಿಶೆಲ್ ಜೊತೆ ಸೇರಿ 1926ರಲ್ಲಿ ಎಬೋಶ್ ಎಸ್.ಎ. ಎಂಬ ಒಕ್ಕೂಟ ಕಟ್ಟಿದವು. ಮುಂದೆ ಈಟಿಎ, ಯುನಿಟಾಸ್, ಪೆಸೊ, ವಾಲ್ಜೂ ಕೂಡ ಅದೇ ಬಳಗ ಸೇರಿದವು. ಹೆಸರು ಡಯಲಿನವರದು, ಹೃದಯ ಇವರದು. ಈ ಚಿಹ್ನೆ, ಅದರ ಪಕ್ಕದ ಸಂಖ್ಯೆ ಸಿಕ್ಕಿತೆಂದರೆ ಗುರುತಿಸುವ ಕೆಲಸ ಅರ್ಧಕ್ಕಿಂತ ಹೆಚ್ಚು ಮುಗಿದ ಹಾಗೆ.

ಗುರುತು ಸವೆದಿದ್ದರೂ ಯಂತ್ರದ ಮೈಯೇ ಕಾಲ ಹೇಳುತ್ತದೆ. ಬ್ಯಾಲೆನ್ಸ್ ಚಕ್ರದ ನಟ್ಟನಡುವಿನ ಕೆಂಪು ಹರಳನ್ನು ನೋಡಿ. ಅದರ ಮೇಲೆ ಎರಡು ಕೊಂಬು ಒಳಕ್ಕೆ ಬಾಗಿದಂಥ ಚಿಕ್ಕ ಹಳದಿ ಸ್ಪ್ರಿಂಗ್ ಕೂತಿದ್ದರೆ ಅದು ಇಂಕಾಬ್ಲಾಕ್, ಏಟು ತಡೆಯುವ ಏರ್ಪಾಡು. 1930ರ ದಶಕದ ನಡುವಿನಲ್ಲಿ ಬಂದದ್ದು, 1950ರ ದಶಕದಲ್ಲಿ ಎಲ್ಲೆಡೆ ಹರಡಿತು. ಸೀಕೋದಲ್ಲಿ ಅದೇ ಕೆಲಸಕ್ಕೆ ಡಯಾಶಾಕ್, ಸಿಟಿಜನ್‌ನಲ್ಲಿ ಪ್ಯಾರಾಶಾಕ್. ಸ್ಪ್ರಿಂಗ್ ಇಲ್ಲದೆ ಹರಳನ್ನು ಚಿಕ್ಕ ಸ್ಕ್ರೂಗಳಿಂದ ಬಿಗಿದಿದ್ದರೆ ಏಟು ತಡೆಯುವ ಏರ್ಪಾಡೇ ಇಲ್ಲ. ಅಂಥ ಯಂತ್ರ ಹಳೆಯದಿರುವ ಸಾಧ್ಯತೆ ಹೆಚ್ಚು, ಅಚ್ಚು ಮುರಿದಿರುವ ಸಾಧ್ಯತೆಯೂ ಹೆಚ್ಚು. ತಾನಾಗಿ ಕೀ ತುಂಬಿಕೊಳ್ಳುವ ವಾಚಿನಲ್ಲಿ ತೂಕದ ತುಂಡು ಪೂರ್ತಿ ಸುತ್ತದೆ ಎರಡು ಬದಿಯ ಸ್ಪ್ರಿಂಗ್‌ಗಳಿಗೆ ಬಡಿದು ವಾಪಸಾದರೆ ಅದು ಬಂಪರ್, ಬಹುಪಾಲು 1950ರ ದಶಕದೊಳಗಿನದು. ಬ್ಯಾಟರಿ ಹಾಕುವ ಕ್ವಾರ್ಟ್ಸ್ ವಾಚು 1969ರ ಡಿಸೆಂಬರ್ 25ಕ್ಕಿಂತ ಹಿಂದೆ ಮಾರುಕಟ್ಟೆಯಲ್ಲೇ ಇರಲಿಲ್ಲ. ಸೀಕೋ ಆಸ್ಟ್ರಾನ್ ಬಂದದ್ದು ಆ ದಿನ.

ಚಕ್ರಗಳನ್ನು ಮೇಲಿನಿಂದ ಹಿಡಿದಿರುವ ತಗಡಿನ, ಅಂದರೆ ಸೇತುವೆಯ ಮೇಲೆ ‘ಅನ್‌ಅಡ್ಜಸ್ಟೆಡ್’ ಎಂದಿದ್ದರೆ, ಬ್ಯಾಲೆನ್ಸ್ ಹಿಡಿದಿರುವ ತುಂಡಿನ ಮೇಲೆ ಮೂರು ಅಕ್ಷರದ ಸಂಕೇತವಿದ್ದರೆ, ಆ ಯಂತ್ರ ಅಮೆರಿಕದ ಮಾರುಕಟ್ಟೆಗೆ ಹೋದದ್ದು. 1930ರ ಅಲ್ಲಿನ ಸುಂಕದ ಕಾಯಿದೆ 17ಕ್ಕಿಂತ ಹೆಚ್ಚು ಜ್ಯುವೆಲ್ (ಅಚ್ಚಿನ ತುದಿ ಕೂರುವ ಹರಳು) ಇದ್ದ ಯಂತ್ರಗಳ ಮೇಲೆ ಭಾರಿ ಸುಂಕ ಹಾಕಿತ್ತು, ನಿಖರತೆಗೆ ಹೊಂದಿಸಿದ್ದಕ್ಕೂ ಹೆಚ್ಚುವರಿ ಸುಂಕ. ‘ಹೊಂದಿಸಿಲ್ಲ’ ಎಂಬ ಆ ಬರಹ ಅದಕ್ಕೇ. 17 ಜ್ಯುವೆಲ್ಲಿಗೇ ನಿಂತ ಅಷ್ಟೊಂದು ಒಳ್ಳೆಯ ಯಂತ್ರಗಳನ್ನು ಕಂಡು ನಾನು ಬಹಳ ಕಾಲ ಬೆರಗುಪಟ್ಟಿದ್ದೆ.

ಸಂಖ್ಯೆಗಳನ್ನು ಓದುವಾಗ

ಸಂಖ್ಯೆ ಸಿಕ್ಕಿತು, ಕೋಷ್ಟಕದಲ್ಲಿ ನೋಡಿದೆ, ವರ್ಷ ಬಂತು ಎನ್ನುವಷ್ಟು ಸರಳ ಇದಲ್ಲ. ಯಂತ್ರದ ಸಂಖ್ಯೆ ಬೇರೆ, ಕೇಸಿನ ಸಂಖ್ಯೆ ಬೇರೆ. ಎಲ್ಗಿನ್, ವಾಲ್ಥಮ್‌ನಂಥ ಅಮೆರಿಕದ ಹಳೆಯ ವಾಚುಗಳಿಗೆ ವರ್ಷ ಹೇಳುವುದು ಯಂತ್ರದ ಮೇಲಿನ ಸಂಖ್ಯೆ. ಕೇಸ್ ಮಾಡಿದವರು ಹಲವೊಮ್ಮೆ ಬೇರೆಯವರೇ ಆಗಿರುತ್ತಾರೆ, ಅವರ ಸಂಖ್ಯೆಯನ್ನು ಈ ಕೋಷ್ಟಕದಲ್ಲಿ ಹುಡುಕಿದರೆ ಸುಳ್ಳು ವರ್ಷ ಸಿಗುತ್ತದೆ. ಸ್ವಿಸ್ ಮುಚ್ಚಳದೊಳಗೆ ಶಿಲುಬೆಯ ಗುರುತಿನ ಪಕ್ಕದಲ್ಲಿರುವ ಸಂಖ್ಯೆ ಸಾಮಾನ್ಯವಾಗಿ ಪೇಟೆಂಟಿನದು. ಅದರಿಂದ ಗೊತ್ತಾಗುವುದು ವಾಚು ಆ ಪೇಟೆಂಟಿಗಿಂತ ಹಿಂದಿನದಲ್ಲ ಎಂಬುದು ಮಾತ್ರ.

ಅಮೆರಿಕದ ಬುಲೋವಾ ಕಂಪನಿಯ ಸಂಕೇತ ನನಗೆ ಬಹಳ ಇಷ್ಟ, ಅಷ್ಟು ಸರಳ. 1950ರಿಂದ ಒಂದು ಅಕ್ಷರ, ಒಂದು ಅಂಕಿ: ‘ಎಲ್’ ಎಂದರೆ 1950ರ ದಶಕ, ‘ಎಂ’ 1960ರದು, ‘ಎನ್’ 1970ರದು. ‘ಎಲ್6’ ಎಂದರೆ 1956, ‘ಎಂ4’ ಎಂದರೆ 1964. ಯಂತ್ರದಲ್ಲಿ ‘ಎಲ್6’ ಇದ್ದು ಕೇಸಿನಲ್ಲಿ ‘ಎಲ್7’ ಇದ್ದರೆ ದೋಷವೇನಿಲ್ಲ. ತಯಾರಾದ ಯಂತ್ರ ಕೆಲವು ತಿಂಗಳು ಕಪಾಟಿನಲ್ಲಿದ್ದು ಆಮೇಲೆ ಕೇಸ್ ಸೇರಿದೆ. ಆರೇಳು ವರ್ಷದ ಅಂತರವಿದ್ದರೆ ಮಾತ್ರ ಎರಡು ವಾಚು ಸೇರಿ ಒಂದಾಗಿದೆ ಎಂದು ಅನುಮಾನಿಸಿ. 1950, 60ರ ದಶಕಗಳ ಹಲವು ರೋಲೆಕ್ಸ್ ಮುಚ್ಚಳಗಳ ಒಳಗೆ ರೋಮನ್ ಅಂಕಿ, ಅದರ ಮುಂದೆ ವರ್ಷ ಇರುತ್ತದೆ. ರೋಮನ್ ಮೂರರ ಮುಂದೆ 62 ಎಂದಿದ್ದರೆ 1962ರ ಮೂರನೆಯ ತ್ರೈಮಾಸಿಕ.

ಸೀಕೋದಲ್ಲಿ ದೋಷ ಹುಡುಕುವ ಕ್ರಮವನ್ನು ಚೆನ್ನಾಗಿ ತೋರಿಸಬಹುದು. ಮುಚ್ಚಳದ ಮೇಲೆ 6139-6002 ಎಂದಿದೆ, ಕ್ರಮಸಂಖ್ಯೆ 31ರಿಂದ ಶುರುವಾಗುತ್ತದೆ ಎಂದುಕೊಳ್ಳಿ. ಮೊದಲ ನಾಲ್ಕು ಅಂಕಿ ಯಂತ್ರದ ಕ್ಯಾಲಿಬರ್, ಮುಂದಿನ ನಾಲ್ಕು ಕೇಸಿನವು. ಕ್ರಮಸಂಖ್ಯೆಯ ಮೊದಲ ಅಂಕಿ ವರ್ಷದ ಕೊನೆಯ ಅಂಕಿ; ಎರಡನೆಯದು ತಿಂಗಳು, ಅಕ್ಟೋಬರಿಗೆ ‘ಓ’, ನವೆಂಬರಿಗೆ ‘ಎನ್’, ಡಿಸೆಂಬರಿಗೆ ‘ಡಿ’. ಹಾಗಾದರೆ 31 ಎಂದರೆ ಮೂರರಲ್ಲಿ ಕೊನೆಯಾಗುವ ವರ್ಷದ ಜನವರಿ. 1963ರದೋ 73ರದೋ 83ರದೋ ಎಂಬುದನ್ನು ಸಂಖ್ಯೆ ಹೇಳುವುದಿಲ್ಲ. ಹೇಳುವುದು ಕ್ಯಾಲಿಬರ್. 6139 ಬಂದದ್ದು 1969ರಲ್ಲಿ, 1970ರ ದಶಕ ಮುಗಿಯುವ ಹೊತ್ತಿಗೆ ನಿಂತಿತು. ಉಳಿಯುವುದು 1973 ಒಂದೇ. ಇನ್ನು ಡಯಲನ್ನು ನೋಡಿ. ಸುಮಾರು 1970ರ ಹೊತ್ತಿಗೆ ‘ವಾಟರ್ ಪ್ರೂಫ್’ ಎಂಬ ಮಾತು ಹೋಗಿ ‘ವಾಟರ್ ರೆಸಿಸ್ಟ್’ ಬಂದಿತ್ತು. 1973ರ ಮುಚ್ಚಳದ ಮುಂದೆ ‘ಪ್ರೂಫ್’ ಎಂಬ ಡಯಲಿದ್ದರೆ ಎರಡರಲ್ಲೊಂದು ಬೇರೆ ವಾಚಿನಿಂದ ಬಂದದ್ದು. ಇಲ್ಲೊಂದು ಕಿವಿಮಾತು: ಮುಚ್ಚಳವೂ ಬದಲಾಗುವ ವಸ್ತುವೇ. ಅದರ ಮೇಲಿನ ಕ್ಯಾಲಿಬರ್ ಸಂಖ್ಯೆ ಒಳಗಿನ ಯಂತ್ರದ ಮೇಲಿರುವ ಸಂಖ್ಯೆಗೆ ಹೊಂದುತ್ತದೆಯೇ ಎಂದು ನೋಡದೆ ಮುಂದಕ್ಕೆ ಹೋಗಬೇಡಿ.

ಚಿನ್ನದ ಕೇಸಿನ ಮುದ್ರೆ ಲೋಹವನ್ನು ಹೇಳುತ್ತದೆ, ವರ್ಷವನ್ನು ಒರಟಾಗಿ ಮಾತ್ರ. ಸ್ವಿಸ್ ಮುದ್ರೆಯಲ್ಲಿ 18 ಕ್ಯಾರಟ್‌ಗೆ ಹೆಲ್ವೇಶಿಯಾ ಎಂಬ ಹೆಂಗಸಿನ ತಲೆ, 14ಕ್ಕೆ ಅಳಿಲು. 1995ರಿಂದ ಎರಡಕ್ಕೂ ಸೇಂಟ್ ಬರ್ನಾರ್ಡ್ ನಾಯಿಯ ತಲೆ. ‘20 ಮೈಕ್ರಾನ್’, ‘ಗೋಲ್ಡ್ ಫಿಲ್ಡ್’ ಎಂಬ ಬರಹವಿದ್ದರೆ ಅದು ಮೇಲಿನ ಲೇಪ. ಪಟ್ಟಿ ಸಿಕ್ಕಿಸುವ ಕೊಂಬಿನ ತುದಿಯಲ್ಲಿ ಸವೆದು ಒಳಗಿನ ಲೋಹ ಕಾಣುತ್ತಿರುತ್ತದೆ. ‘ಸ್ಟೇನ್‌ಲೆಸ್ ಸ್ಟೀಲ್ ಬ್ಯಾಕ್’ ಎಂದರೆ ಹಿಂಬದಿ ಮಾತ್ರ ಸ್ಟೀಲು.

ಮುಚ್ಚಳದ ಒಳಮೈಯ ಗೀರುಗಳು

ಯಾರೂ ನೋಡದ ಜಾಗ ಇದು. ಹಿಂದಿನ ವಾಚ್ ರಿಪೇರಿಯವರು ಕೆಲಸ ಮುಗಿಸಿದಾಗ ಮುಚ್ಚಳದ ಒಳಗೆ ಸೂಜಿಮೊನೆಯಿಂದ ತಮ್ಮ ಗುರುತು ಕೊರೆಯುತ್ತಿದ್ದರು. ಕೆಲವರದು ಬರೀ ಲೆಕ್ಕದ ಸಂಖ್ಯೆ, ಕೆಲವರದು ತಿಂಗಳು, ವರ್ಷ. ಅಜ್ಜನ ವಾಚಿನ ಮುಚ್ಚಳವನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದಾಗ ಮೊದಲು ಕಂಡದ್ದು ಬರೀ ಉಜ್ಜಿದ ವರ್ತುಲಗಳು. ಲೂಪಿನಲ್ಲಿ ಅಂಚಿನ ಹತ್ತಿರ ಎರಡು ಬರಹಗಳು ಮೂಡಿದವು. ಒಂದು ದಪ್ಪ ಕೈಯದು, ‘4-64’. ಅದರ ಕೆಳಗೆ ಇನ್ನೂ ಸಣ್ಣದಾಗಿ, ಬಲಕ್ಕೆ ವಾಲಿದ ಅಂಕಿಗಳಲ್ಲಿ, ‘9-51’.

ಇಷ್ಟು ಸಾಕಾಯಿತು. 1951ರ ಸೆಪ್ಟೆಂಬರಿನಲ್ಲಿ ಈ ಮುಚ್ಚಳ ಒಬ್ಬರ ಮೇಜಿನ ಮೇಲೆ ರಿಪೇರಿಗೆ ಬಂದಿತ್ತು. ಹಾಗಿದ್ದ ಮೇಲೆ 1960ರ ದಶಕದ ‘ಟಿ’ ಡಯಲು ಅದರ ಮೂಲ ಡಯಲಾಗಿರಲು ಸಾಧ್ಯವೇ ಇಲ್ಲ. ಯಂತ್ರವನ್ನು ನೋಡಿದರೆ 15 ಜ್ಯುವೆಲ್, ಏಟು ತಡೆಯುವ ಸ್ಪ್ರಿಂಗ್ ಇಲ್ಲ, ಬ್ಯಾಲೆನ್ಸ್ ಚಕ್ರದ ಅಂಚಿನ ಸುತ್ತ ಸ್ಕ್ರೂಗಳು. ಎಲ್ಲವೂ 1940ರ ದಶಕಕ್ಕೆ ಹೊಂದುತ್ತವೆ. ಡಯಲು ಬಹುಶಃ 64ರ ಏಪ್ರಿಲಿನಲ್ಲಿ ಬದಲಾಗಿದೆ. ಅಜ್ಜಿಯ 1948ಕ್ಕೆ ಅಡ್ಡಬರುವುದು ಒಂದೂ ಉಳಿಯಲಿಲ್ಲ.

ಈ ಗೀರುಗಳನ್ನು ಕಂಡು ಕೇಸ್ ಪಾಲಿಶ್ ಮಾಡುವಾಗ ಒಳಮೈಯನ್ನೂ ಹೊಳೆಯಿಸಿಕೊಡುತ್ತೇವೆ ಎನ್ನುವವರಿದ್ದಾರೆ. ಬೇಡವೆಂದು ಮೊದಲೇ ಹೇಳಿ.

ಈಗ ಓಡದಿರುವ ದೋಷ

ಯಂತ್ರ ಯಾವುದೆಂದು ತಿಳಿದ ಮೇಲೆ ಕ್ರೌನನ್ನು ಎರಡೇ ಎರಡು ಸುತ್ತು ತಿರುಗಿಸಿ, ಬೆರಳಿಗೆ ಏನು ತಿಳಿಯುತ್ತದೆ ಗಮನಿಸಿ. ಕ್ಲಿಕ್ ಶಬ್ದವಿಲ್ಲದೆ ಸಲೀಸಾಗಿ ಸುತ್ತುತ್ತಲೇ ಇದ್ದರೆ ಕೀ ಕಡ್ಡಿ ತುಂಡಾಗಿದೆ, ಅಥವಾ ಅದರ ಚಕ್ರ ಹಲ್ಲು ಕಚ್ಚುತ್ತಿಲ್ಲ. ಕ್ಲಿಕ್ ಕೇಳುತ್ತದೆ ಆದರೆ ಬಿಗಿ ಏರುವುದೇ ಇಲ್ಲ ಎಂದರೆ ಕೈಯಿಂದ ಕೀ ಕೊಡುವ ವಾಚಿನಲ್ಲಿ ಬಲ ತುಂಬಿಕೊಳ್ಳುವ ಮೇನ್‌ಸ್ಪ್ರಿಂಗ್ ಮುರಿದಿದೆ. ಹಳೆಯ ನೀಲಿ ಉಕ್ಕಿನ ಸ್ಪ್ರಿಂಗ್‌ಗಳಿಗೆ ಇದು ಸಾಮಾನ್ಯ. ಮಿಶ್ರಲೋಹದ ಸ್ಪ್ರಿಂಗ್‌ಗಳು ಬಂದ ಮೇಲೆ ಕಡಿಮೆಯಾಯಿತು. ಮೊದಲಿನಿಂದಲೇ ಪೂರ್ತಿ ಬಿಗಿಯಾಗಿದ್ದರೆ ‘ಹೆಚ್ಚು ಕೀ ಕೊಟ್ಟು ಕೆಟ್ಟಿದೆ’ ಎಂದು ಹೇಳುವವರು ಸಿಗುತ್ತಾರೆ. ನಂಬಬೇಡಿ. ಪೂರ್ತಿ ಕೀ ಕೊಟ್ಟ ಮಾತ್ರಕ್ಕೆ ವಾಚು ಕೆಡುವುದಿಲ್ಲ. ಸ್ಪ್ರಿಂಗ್‌ನಲ್ಲಿ ಬಲ ತುಂಬಿದೆ, ಮುಂದಿನ ಚಕ್ರಗಳು ಅಂಟಿಕೊಂಡು ಅದನ್ನು ಬಿಡುತ್ತಿಲ್ಲ ಎಂದಷ್ಟೇ ಅರ್ಥ.

ಆಮೇಲೆ ಬ್ಯಾಲೆನ್ಸ್ ಚಕ್ರವನ್ನು ನೋಡುತ್ತ ವಾಚನ್ನು ಕೈಯಲ್ಲಿ ಮೆಲ್ಲಗೆ ಅತ್ತಿತ್ತ ತಿರುಗಿಸಿ. ಚಕ್ರ ಹಗುರವಾಗಿ ತೂಗಿ, ಸಮತಲದಲ್ಲೇ ಇದ್ದು, ಕೆಲವು ಕ್ಷಣ ಮಿಡಿದು ನಿಂತರೆ ಅಚ್ಚು ಸರಿಯಿದೆ, ಬಲ ಅಲ್ಲಿಯವರೆಗೆ ಬರುತ್ತಿಲ್ಲ. ಬಿಚ್ಚಿ ತೊಳೆದು ಎಣ್ಣೆ ಹಾಕಿಸಿದರೆ ಅಂಥ ವಾಚುಗಳಲ್ಲಿ ಬಹುಪಾಲು ಎದ್ದು ಓಡುತ್ತವೆ. ಚಕ್ರ ಒಂದು ಕಡೆ ವಾಲಿಕೊಂಡು ಅಲುಗಾಡಿದರೆ, ಡಯಲು ಮೇಲಿದ್ದಾಗ ಮಿಡಿದು ಕೆಳಗಾದಾಗ ನಿಂತರೆ, ಅಚ್ಚಿನ ಒಂದು ತುದಿ ಮುರಿದಿದೆ ಅಥವಾ ಹರಳು ಬಿರಿದಿದೆ. ಏಟು ತಡೆಯುವ ಏರ್ಪಾಡಿಲ್ಲದ ಯಂತ್ರದಲ್ಲಿ ನಾನು ಮೊದಲು ಅನುಮಾನಿಸುವುದು ಇದನ್ನೇ. ಒಮ್ಮೆ ಕೈಜಾರಿ ಬಿದ್ದರೂ ಸಾಕು.

ವಾಚು ಓಡುತ್ತದೆ, ಆದರೆ ಗಂಟೆಗೆ ಹಲವು ನಿಮಿಷ ಮುಂದೆ ಹೋಗುತ್ತದೆ ಎಂದರೆ ಹೇರ್‌ಸ್ಪ್ರಿಂಗ್‌ನ ಸುರುಳಿಗಳು ಒಂದಕ್ಕೊಂದು ಅಂಟಿವೆ. ಎಣ್ಣೆಯಿಂದ ಇರಬಹುದು, ಅಯಸ್ಕಾಂತದಿಂದಲೂ ಇರಬಹುದು. ದಿಕ್ಸೂಚಿಯ ಮೇಲೆ ವಾಚನ್ನು ಹಿಡಿಯಿರಿ, ಅದರ ಮುಳ್ಳು ಬ್ಯಾಲೆನ್ಸಿನ ಲಯಕ್ಕೆ ನಡುಗಿದರೆ ಅಯಸ್ಕಾಂತವೇ ಕಾರಣ. ಅದನ್ನು ತೆಗೆಯುವುದು ನಿಮಿಷದ ಕೆಲಸ. ಟಿಕ್ ಟಿಕ್ ಕೇಳುತ್ತಿದ್ದು ಮುಳ್ಳುಗಳು ಮಾತ್ರ ಅಲ್ಲೇ ಇದ್ದರೆ ನಿಮಿಷದ ಮುಳ್ಳನ್ನು ಹೊತ್ತು ತಿರುಗಿಸುವ ಕ್ಯಾನನ್ ಪಿನಿಯನ್ ಸಡಿಲವಾಗಿದೆ. ದಿನವೂ ಅದೇ ಹೊತ್ತಿಗೆ ನಿಲ್ಲುವ ವಾಚಿನಲ್ಲಿ ಮುಳ್ಳುಗಳು ಒಂದಕ್ಕೊಂದು ತಾಗುತ್ತಿರುತ್ತವೆ. ತಾರೀಕಿರುವ ವಾಚು ನಡುರಾತ್ರಿಯ ಆಸುಪಾಸಿನಲ್ಲಿ ನಿಂತರೆ ತಾರೀಕಿನ ಚಕ್ರದ ಕಡೆ ನೋಡಿಸಿ.

ರಿಪೇರಿಗೆ ಕೊಡುವಾಗ ತಳದ ತಗಡಿನ ಚಿಹ್ನೆ, ಕ್ಯಾಲಿಬರ್, ನೀವು ಕಂಡ ಲಕ್ಷಣ ಮೂರನ್ನೂ ಒಂದು ಚೀಟಿಯಲ್ಲಿ ಬರೆದುಕೊಡಿ. ತೆಗೆದ ಹಳೆಯ ಭಾಗಗಳನ್ನೆಲ್ಲ ವಾಪಸು ಕೇಳಿ. ಡಯಲಿಗೆ ಹೊಸ ಬಣ್ಣ ಬೇಡ ಎಂಬುದನ್ನು ಬಾಯಲ್ಲಿ ಹೇಳುವುದರ ಜೊತೆ ಆ ಚೀಟಿಯಲ್ಲೂ ಬರೆಯಿರಿ.

ಅಜ್ಜನ ವಾಚಿನಲ್ಲಿ ಬ್ಯಾಲೆನ್ಸಿನ ಅಚ್ಚೇ ಮುರಿದಿತ್ತು. ಕ್ಯಾಲಿಬರ್ ಸಂಖ್ಯೆ ಕೈಯಲ್ಲಿದ್ದುದರಿಂದ ಹೊಸ ಅಚ್ಚು ಸಿಕ್ಕಿತು. ಆ ಕಾಲಕ್ಕೆ ಹೊಂದುವ ಡಯಲನ್ನೂ ಹುಡುಕಿ ಹಾಕೋಣವೇ ಎಂದು ರಿಪೇರಿಯವರು ಕೇಳಿದರು. ಬೇಡ ಎಂದೆ. 64ರಿಂದ ಕೊನೆಯವರೆಗೂ ಅಜ್ಜ ಹೊತ್ತು ನೋಡಿದ್ದು ಈ ಡಯಲಿನಲ್ಲೇ.